ಗಂಡ-ಹೆಂಡತಿ ನಡುವೆ ಮನೆಯ ಹಕ್ಕು ವರ್ಗಾವಣೆ: ಕ್ಯಾಲಿಫೋರ್ನಿಯಾದ ಕ್ವಿಟ್‌ಕ್ಲೇಮ್ ಡೀಡ್

ಕ್ವಿಟ್‌ಕ್ಲೇಮ್ ಡೀಡ್ ಅಂದರೆ ಹೆಚ್ಚೆಂದರೆ ಎರಡು ಮೂರು ಪುಟದ ಕಾಗದ. ಸಹಿ ಹಾಕುವವರು ಅದರಲ್ಲಿ ಹೇಳುವುದು ಒಂದೇ ಮಾತು: ‘ಈ ಮನೆಯಲ್ಲಿ ನನಗೆ ಏನೇ ಹಕ್ಕಿದ್ದರೂ ಅದನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ.’ ಹಕ್ಕು ಇದೆ ಎಂದು ಅವರು ಹೇಳುವುದಿಲ್ಲ, ಎಷ್ಟಿದೆ ಎಂದೂ ಹೇಳುವುದಿಲ್ಲ, ನಾಳೆ ಯಾರಾದರೂ ತಕರಾರು ತೆಗೆದರೆ ನಾನು ಹೊಣೆ ಎಂದಂತೂ ಹೇಳುವುದೇ ಇಲ್ಲ. ಇಡೀ ವಿಷಯ ಈ ‘ಏನೇ ಹಕ್ಕಿದ್ದರೂ’ ಎಂಬ ಮಾತಿನಲ್ಲಿದೆ.

ಇದನ್ನು ಗ್ರಾಂಟ್ ಡೀಡ್ ಜೊತೆ ಇಟ್ಟು ನೋಡಿದರೆ ಬೇಗ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 1113ರ ಪ್ರಕಾರ ‘ಗ್ರಾಂಟ್’ ಎಂಬ ಪದ ಬಳಸಿದರೆ ಸಾಕು, ಎರಡು ಭರವಸೆಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಇದೇ ಆಸ್ತಿಯನ್ನು ಹಿಂದೆ ಬೇರೆಯವರಿಗೆ ಕೊಟ್ಟಿಲ್ಲ ಎಂಬುದು ಒಂದು, ನಾನಾಗಿ ಇದರ ಮೇಲೆ ಹೇಳದೆ ಉಳಿಸಿದ ಋಣಭಾರ ಹೊರಿಸಿಲ್ಲ ಎಂಬುದು ಇನ್ನೊಂದು. ಗ್ರಾಂಟ್ ಡೀಡ್ ಕೊಟ್ಟವರಿಗೆ ಆಮೇಲೆ ಆ ಆಸ್ತಿಯಲ್ಲಿ ಹೊಸ ಹಕ್ಕು ಬಂದರೆ ಅದೂ ಪಡೆದವರಿಗೇ ಹೋಗುತ್ತದೆ. ಕ್ವಿಟ್‌ಕ್ಲೇಮ್‌ನಲ್ಲಿ ಹೀಗಿಲ್ಲ. ಸಹಿ ಹಾಕಿದ ಹೊತ್ತಿನಲ್ಲಿ ಕೈಯಲ್ಲಿ ಇದ್ದದ್ದು ಮಾತ್ರ ಹೋಗುತ್ತದೆ.

ನಮ್ಮ ಕಡೆಯ ‘ಹಕ್ಕು ಬಿಡುಗಡೆ ಪತ್ರ’ ಇದರ ಹತ್ತಿರದ ನೆಂಟ, ಆದರೆ ಇದೇ ಅಲ್ಲ. ಬಿಡುಗಡೆ ಪತ್ರ ಪಡೆಯುವವರಿಗೆ ಆ ಆಸ್ತಿಯಲ್ಲಿ ಮೊದಲೇ ಪಾಲು ಇರಬೇಕು. ಪಾಲಿಲ್ಲದ ಹೆಂಡತಿಗೆ ಮನೆ ಕೊಡುವುದಾದರೆ ದಾನಪತ್ರವೇ ಬೇಕು, ಇಬ್ಬರು ಸಾಕ್ಷಿಗಳು ಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಕ್ಯಾಲಿಫೋರ್ನಿಯಾದ ಕ್ವಿಟ್‌ಕ್ಲೇಮ್ ಅನ್ನು ಯಾರಿಗೆ ಬೇಕಾದರೂ ಕೊಡಬಹುದು, ಸಾಕ್ಷಿಗಳು ಬೇಡ. ಪತ್ರ ಬರೆದು, ಸಹಿ ಹಾಕಿ, ಕೊಡುವ ಉದ್ದೇಶದಿಂದ ತಲುಪಿಸಿದರೆ ಇಬ್ಬರ ಮಟ್ಟಿಗೆ ವರ್ಗಾವಣೆ ಮುಗಿಯಿತು. ಕೌಂಟಿ ರೆಕಾರ್ಡರ್ (ಅಲ್ಲಿನ ಜಿಲ್ಲೆಯ ದಾಖಲೆ ಅಧಿಕಾರಿ) ಬಳಿ ದಾಖಲಿಸುವುದು ಹೊರಗಿನವರ ಎದುರು ಆ ಹಕ್ಕನ್ನು ಕಾಪಾಡಲು. ಆ ರೆಕಾರ್ಡರ್ ಯಾರನ್ನೂ ಎದುರಿಗೆ ಕರೆಸಿ ವಿಚಾರಿಸುವುದಿಲ್ಲ. ಕಾಗದದ ಆಕಾರ, ನೋಟರಿ ಮುದ್ರೆ, ಶುಲ್ಕ ಸರಿಯಿದ್ದರೆ ದಾಖಲಿಸುತ್ತಾರೆ. ಊರಿನ ರೂಢಿಯಲ್ಲಿ ಬೆಳೆದವರು ‘ಸರ್ಕಾರಿ ಕಚೇರಿ ಸ್ವೀಕರಿಸಿತು, ಅಂದಮೇಲೆ ಸರಿಯಾಗಿಯೇ ಇರಬೇಕು’ ಎಂದುಕೊಳ್ಳುತ್ತಾರೆ. ಇಲ್ಲಿ ಆ ನಂಬಿಕೆಗೆ ಆಧಾರವಿಲ್ಲ.

ಸಾಲ ಎಲ್ಲಿಗೂ ಹೋಗುವುದಿಲ್ಲ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಡೀಡ್ ಬದಲಾಯಿಸುವುದು ಒಡೆತನವನ್ನು. ಬ್ಯಾಂಕಿನ ಪ್ರಾಮಿಸರಿ ನೋಟಿಗೆ ಸಹಿ ಹಾಕಿದವರು ಹಾಗೆಯೇ ಸಾಲಗಾರರಾಗಿ ಉಳಿಯುತ್ತಾರೆ. ವಿಚ್ಛೇದನದಲ್ಲಿ ಹೆಂಡತಿ ಕ್ವಿಟ್‌ಕ್ಲೇಮ್ ಬರೆದುಕೊಟ್ಟಳು, ಮನೆ ಗಂಡನದಾಯಿತು ಎಂದಿಟ್ಟುಕೊಳ್ಳಿ. ಅವನು ಕಂತು ಕಟ್ಟುವುದು ನಿಲ್ಲಿಸಿದರೆ ಅವಳ ಕ್ರೆಡಿಟ್ ಕೂಡ ಕೆಡುತ್ತದೆ. ಮನೆ ಇಲ್ಲ, ಸಾಲ ಇದೆ. ಅದಕ್ಕೇ ವಿಚ್ಛೇದನದ ಸಂದರ್ಭದಲ್ಲಿ ಉಳಿಯುವವರು ತಮ್ಮೊಬ್ಬರ ಹೆಸರಿನಲ್ಲಿ ರೀಫೈನಾನ್ಸ್ ಮಾಡಿಸಿಕೊಳ್ಳಬೇಕು, ಹೋಗುವವರ ಡೀಡ್ ಅದೇ ಎಸ್ಕ್ರೋ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಕಾಗದ, ಹಣ ಹಿಡಿದಿಡುವ ಮೂರನೆಯವರ ಬಳಿ) ಹೋಗಬೇಕು. ಹೊಸ ಸಾಲ ಮಂಜೂರಾಗಿ ಹಳೇ ಸಾಲ ತೀರುವ ದಿನವೇ ಡೀಡ್ ದಾಖಲಾಗಲಿ. ಮೊದಲು ಡೀಡ್ ಕೊಟ್ಟು ಆಮೇಲೆ ರೀಫೈನಾನ್ಸ್‌ಗೆ ಕಾಯುವುದು ಬೇಡ.

ಇದರ ಎದುರಿಗಿನ ಭಯವೂ ಕೇಳಿಬರುತ್ತದೆ: ಹೆಸರು ಬದಲಾಯಿಸಿದರೆ ಬ್ಯಾಂಕು ಪೂರ್ತಿ ಸಾಲವನ್ನು ಒಮ್ಮೆಗೇ ಕೇಳುತ್ತದೆಯೇ? ಸಾಲಪತ್ರದಲ್ಲಿ ‘ಡ್ಯೂ ಆನ್ ಸೇಲ್’ ಷರತ್ತು ಇರುವುದು ನಿಜ. ಆದರೆ 1982ರ ಗಾರ್ನ್-ಸೇಂಟ್ ಜರ್ಮೈನ್ ಎಂಬ ಫೆಡರಲ್ ಕಾಯ್ದೆ, ಐದಕ್ಕಿಂತ ಕಡಿಮೆ ಮನೆಗಳಿರುವ ವಾಸದ ಕಟ್ಟಡದಲ್ಲಿ ಸಾಲಗಾರರ ಗಂಡ ಅಥವಾ ಹೆಂಡತಿ ಒಡೆಯರಾದರೆ ಬ್ಯಾಂಕು ಆ ಷರತ್ತನ್ನು ಬಳಸದಂತೆ ತಡೆಯುತ್ತದೆ. ವಿಚ್ಛೇದನದ ತೀರ್ಪಿನಿಂದ ಆಗುವ ವರ್ಗಾವಣೆಗೂ ಇದೇ ರಕ್ಷಣೆ ಇದೆ.

ಕಮ್ಯುನಿಟಿ ಪ್ರಾಪರ್ಟಿ: ಕಾಗದದಲ್ಲಿ ಹೆಸರಿಲ್ಲದಿದ್ದರೂ ಇರುವ ಪಾಲು

ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ನಂತರದ ದುಡಿಮೆಯಿಂದ ಕೊಂಡದ್ದು, ಯಾರ ಹೆಸರಿನಲ್ಲಿದ್ದರೂ, ಮೊದಲ ನೋಟಕ್ಕೆ ಇಬ್ಬರದು. ಇದೇ ಕಮ್ಯುನಿಟಿ ಪ್ರಾಪರ್ಟಿ, ಅಂದರೆ ಜಂಟಿ ಆಸ್ತಿ; ಇದು ಫ್ಯಾಮಿಲಿ ಕೋಡ್ 760. ಮದುವೆಗೆ ಮುಂಚಿನದು, ಆಮೇಲೆ ದಾನವಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದು ಸ್ವಂತದ್ದು, ಇದು 770. ಜಂಟಿ ಆಸ್ತಿಯನ್ನು ಒಬ್ಬರ ಸ್ವಂತದ್ದಾಗಿ ಅಥವಾ ಸ್ವಂತದ್ದನ್ನು ಜಂಟಿಯಾಗಿ ಬದಲಾಯಿಸುವುದಕ್ಕೆ ‘ಟ್ರಾನ್ಸ್‌ಮ್ಯುಟೇಶನ್’ ಎನ್ನುತ್ತಾರೆ. 852ನೇ ಸೆಕ್ಷನ್ ಪ್ರಕಾರ ಅದಕ್ಕೆ ಬರವಣಿಗೆಯಲ್ಲಿ ಸ್ಪಷ್ಟ ಘೋಷಣೆ ಬೇಕು, ಯಾರ ಹಿತಕ್ಕೆ ಧಕ್ಕೆಯೋ ಅವರ ಒಪ್ಪಿಗೆ ಬೇಕು. ಬಾಯಿಮಾತು ನಡೆಯದು.

ಬೇ ಏರಿಯಾದ ಕನ್ನಡಿಗರ ಮನೆಗಳಿಗೆ ನೇರವಾಗಿ ತಾಗುವ ಸಂದರ್ಭವೊಂದಿದೆ. ಒಬ್ಬರು ಎಚ್-1ಬಿ ಕೆಲಸದ ವೀಸಾ ಮೇಲೆ ದುಡಿಯುತ್ತಾರೆ, ಇನ್ನೊಬ್ಬರು ಅವರನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಸಂಬಳವಿಲ್ಲದೆ ಇರುತ್ತಾರೆ. ಸಾಲ ಒಬ್ಬರ ಹೆಸರಿನಲ್ಲೇ ಸುಲಭ. ಮನೆ ಕೊಳ್ಳುವ ದಿನ ಎಸ್ಕ್ರೋ ಕಾಗದಗಳ ದೊಡ್ಡ ಕಟ್ಟಿನ ನಡುವೆ ಇನ್ನೊಬ್ಬರು ಸಹಿ ಹಾಕಬೇಕಾದ ಕ್ವಿಟ್‌ಕ್ಲೇಮ್ ಅಥವಾ ಇಂಟರ್‌ಸ್ಪೌಸಲ್ (ಗಂಡ-ಹೆಂಡತಿ ನಡುವಿನ) ಡೀಡ್ ಒಂದಿರುತ್ತದೆ. ಅದರಲ್ಲಿ ‘ಸೋಲ್ ಅಂಡ್ ಸೆಪರೇಟ್ ಪ್ರಾಪರ್ಟಿ’ (ಒಬ್ಬರದೇ ಸ್ವಂತ ಆಸ್ತಿ) ಎಂಬ ನಾಲ್ಕು ಪದ ಇದ್ದರೆ, ಸಹಿ ಹಾಕಿದವರು ತಮ್ಮ ಅರ್ಧ ಪಾಲನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಮುಂದೆ ವಾದ ಬರುತ್ತದೆ. ಗಂಡ-ಹೆಂಡತಿ ಪರಸ್ಪರ ನಂಬಿಕೆಯ ಹೊಣೆ ಹೊತ್ತವರು ಎಂದು 721ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಒಬ್ಬರಿಗೆ ಮಾತ್ರ ಲಾಭವಾದರೆ ಅನುಚಿತ ಪ್ರಭಾವವಿತ್ತು ಎಂದೇ ಕೋರ್ಟು ಮೊದಲು ಊಹಿಸುತ್ತದೆ. ಆದರೆ ಆ ಊಹೆಯನ್ನು ಸಾಕ್ಷ್ಯದಿಂದ ಮುರಿಯಬಹುದು. 2005ರ ಮ್ಯಾಥ್ಯೂಸ್ ಪ್ರಕರಣದಲ್ಲಿ ಕಡಿಮೆ ಬಡ್ಡಿಗಾಗಿ ಕ್ವಿಟ್‌ಕ್ಲೇಮ್‌ಗೆ ಸಹಿ ಹಾಕಿದ್ದ ಹೆಂಡತಿ ಸೋತರು. ಹಾಗಾಗಿ ಆ ಕಟ್ಟಿನಲ್ಲಿ ಈ ಒಂದು ಹಾಳೆಯನ್ನು ಬೇರೆಯಾಗಿ ತೆಗೆದು ಓದಿ. ಸಾಲಕ್ಕಾಗಿ ಮಾತ್ರ ಈ ಏರ್ಪಾಡು ಎಂದಾದರೆ, ಮನೆ ಜಂಟಿಯಾಗಿಯೇ ಉಳಿಯುತ್ತದೆ ಎಂಬ ಒಪ್ಪಂದವನ್ನು ಇಬ್ಬರೂ ಬರೆದು ಸಹಿ ಮಾಡಿಕೊಳ್ಳಿ. ಅಥವಾ ಸಾಲ ಮುಗಿದ ಮೇಲೆ ಇಬ್ಬರ ಹೆಸರಿಗೆ ಮತ್ತೊಂದು ಡೀಡ್ ಮಾಡಿಸಿ.

ವಿಚ್ಛೇದನದ ಅರ್ಜಿ ಸಲ್ಲಿಸಿ ಸಮನ್ಸ್ ತಲುಪಿದ ಮೇಲೆ ಆಟ ಬೇರೆ. ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಆದೇಶವಿಲ್ಲದೆ ಆಸ್ತಿ ವರ್ಗಾಯಿಸುವಂತಿಲ್ಲ.

ಪತ್ರ ತುಂಬುವುದು

ಮೊದಲ ಪುಟದ ಮೇಲ್ಭಾಗದ ಎರಡೂವರೆ ಇಂಚು ನಮ್ಮದಲ್ಲ. ಎಡಗಡೆಯ ಮೂರೂವರೆ ಇಂಚಿನಲ್ಲಿ ದಾಖಲಿಸಲು ಕೇಳಿದವರ ಹೆಸರು, ಮೂಲಪತ್ರ ವಾಪಸು ಬರಬೇಕಾದ ವಿಳಾಸ. ಬಲಗಡೆಯ ಐದು ಇಂಚು ರೆಕಾರ್ಡರ್ ಮುದ್ರೆಗೆ ಖಾಲಿ. ಅಲ್ಲಿ ಒಂದು ಅಕ್ಷರ ಬಿದ್ದರೂ ಪತ್ರ ವಾಪಸಾಗಬಹುದು.

ಕೆಳಗೆ ಎಪಿಎನ್, ಅಂದರೆ ಅಸೆಸರ್ ಪಾರ್ಸೆಲ್ ನಂಬರ್. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಇದು ಮೂರು, ಎರಡು, ಮೂರು ಅಂಕಿಗಳಾಗಿ ಬರುತ್ತದೆ. ಇದು ತೆರಿಗೆಯ ಗುರುತು ಮಾತ್ರ. ಆಸ್ತಿಯನ್ನು ನಿಜವಾಗಿ ಗುರುತಿಸುವುದು ‘ಲೀಗಲ್ ಡಿಸ್ಕ್ರಿಪ್ಷನ್’: ಇಂತಿಷ್ಟನೇ ಲಾಟ್, ಇಂಥ ಟ್ರ್ಯಾಕ್ಟ್, ನಕ್ಷೆಗಳ ಇಂಥ ಪುಸ್ತಕ, ಇಂಥ ಪುಟ. ಊರಿನ ಪತ್ರದ ಚಕ್ಕುಬಂದಿಯ ಜಾಗದಲ್ಲಿ ಇದು ನಿಂತಿದೆ. ತೆರಿಗೆ ಬಿಲ್ಲಿನಿಂದ ಇದನ್ನು ಎತ್ತಬೇಡಿ, ಅಲ್ಲಿ ಚುಟುಕಾಗಿಸಿರುತ್ತಾರೆ. ಈಗಿನ ಒಡೆತನದ ಡೀಡ್ ಪ್ರತಿ ತರಿಸಿ, ಅಕ್ಷರಕ್ಕೆ ಅಕ್ಷರ ನಕಲಿಸಿ. ಕಾಂಡೋ ಆಗಿದ್ದರೆ ಯೂನಿಟ್, ಕಾಮನ್ ಏರಿಯಾದ ಪಾಲು, ಪಾರ್ಕಿಂಗ್ ಹೀಗೆ ಎರಡು ಮೂರು ಪಾರ್ಸೆಲ್ ಇರುತ್ತವೆ. ಒಂದು ಬಿಟ್ಟುಹೋದರೆ ಅದು ಹಳೇ ಹೆಸರಿನಲ್ಲೇ ಉಳಿಯುತ್ತದೆ.

ಹೆಸರಿನ ಸಾಲಿನಲ್ಲಿ ನಮ್ಮವರಿಗೆ ಹೆಚ್ಚು ಎಚ್ಚರ ಬೇಕು. ಊರ ಹೆಸರು, ತಂದೆ ಹೆಸರು ಇನಿಷಿಯಲ್ ಆಗಿ ಒಂದು ಕಡೆ, ಬಿಡಿಸಿ ಬರೆದದ್ದು ಇನ್ನೊಂದು ಕಡೆ, ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್), ಮದುವೆಯಾದ ಮೇಲೆ ಗಂಡನ ಹೆಸರು ಸೇರಿದ್ದು. ಹಳೇ ಡೀಡಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಕೊಡುವವರ ಸಾಲಿನಲ್ಲೂ ಕಾಣಿಸಬೇಕು. ಈಗಿನ ಹೆಸರು ಬೇರೆಯಾಗಿದ್ದರೆ ಈಗಿನದನ್ನು ಬರೆದು, ‘ಹೂ ಅಕ್ವೈರ್ಡ್ ಟೈಟಲ್ ಆ್ಯಸ್’ ಎಂದು ಹಳೆಯದನ್ನು ಸೇರಿಸುತ್ತಾರೆ. ಹಾಗೆ ಮಾಡದಿದ್ದರೆ ಮುಂದೆ ಮಾರುವಾಗ, ಒಡೆತನದ ಇತಿಹಾಸ ಪರಿಶೀಲಿಸಿ ಅದಕ್ಕೆ ವಿಮೆ ಕೊಡುವ ಟೈಟಲ್ ಕಂಪನಿಗೆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದಂತೆ ಕಾಣುತ್ತದೆ.

ಇನ್ನೊಂದು ತಪ್ಪು ಬಹಳ ದುಬಾರಿ. ಗಂಡನ ಹೆಸರಿನ ಮನೆಗೆ ಹೆಂಡತಿಯ ಹೆಸರು ಸೇರಿಸಬೇಕು. ಕೊಡುವವರು ಗಂಡ, ಪಡೆಯುವವರು ಹೆಂಡತಿ ಎಂದು ತುಂಬಿದರೆ ಹೆಸರು ಸೇರುವುದಿಲ್ಲ, ಗಂಡನ ಹೆಸರೇ ಹೋಗುತ್ತದೆ. ಸೇರಿಸುವುದಾದರೆ ಪಡೆಯುವವರ ಸಾಲಿನಲ್ಲಿ ಇಬ್ಬರೂ ಇರಬೇಕು, ಯಾವ ರೀತಿಯ ಒಡೆತನ ಎಂಬುದೂ ಇರಬೇಕು. 2001ರಿಂದ ‘ಕಮ್ಯುನಿಟಿ ಪ್ರಾಪರ್ಟಿ ವಿತ್ ರೈಟ್ ಆಫ್ ಸರ್ವೈವರ್‌ಶಿಪ್’ ಎಂಬ ರೂಪ ಸಿಗುತ್ತದೆ. ಒಬ್ಬರು ತೀರಿಕೊಂಡರೆ ಪ್ರೊಬೇಟ್ (ಆಸ್ತಿ ಹಂಚುವ ಕೋರ್ಟಿನ ಪ್ರಕ್ರಿಯೆ) ಇಲ್ಲದೆ ಇನ್ನೊಬ್ಬರಿಗೆ ಹೋಗುತ್ತದೆ, ಇದಕ್ಕೆ ಪಡೆಯುವ ಇಬ್ಬರೂ ಡೀಡ್ ಮೇಲೆ ಒಪ್ಪಿಗೆಯ ಸಹಿ ಹಾಕಬೇಕು. ಮನೆ ಈಗಾಗಲೇ, ಬದುಕಿರುವಾಗಲೇ ಆಸ್ತಿ ಇಡುವ ಲಿವಿಂಗ್ ಟ್ರಸ್ಟ್‌ನಲ್ಲಿದ್ದರೆ ಕೊಡುವವರು ‘ಟ್ರಸ್ಟಿ’ ಆಗಿ ಸಹಿ ಹಾಕಬೇಕು. ವ್ಯಕ್ತಿಯಾಗಿ ಹಾಕಿದರೆ ಅವರ ಕೈಯಲ್ಲಿ ಕೊಡಲು ಏನೂ ಇಲ್ಲ, ಮತ್ತೆ ಅದೇ ‘ಏನೇ ಹಕ್ಕಿದ್ದರೂ’.

ಸಹಿ ನೋಟರಿ ಮುಂದೆ. ಕ್ಯಾಲಿಫೋರ್ನಿಯಾ ನೋಟರಿ ಒಂದು ಸಹಿಗೆ ಹೆಚ್ಚೆಂದರೆ 15 ಡಾಲರ್ ತೆಗೆದುಕೊಳ್ಳಬಹುದು, ಡೀಡ್ ಆದರೆ ತಮ್ಮ ಜರ್ನಲ್‌ನಲ್ಲಿ ಬಲಗೈ ಹೆಬ್ಬೆಟ್ಟಿನ ಗುರುತನ್ನೂ ತೆಗೆದುಕೊಳ್ಳಬೇಕು. ಮುದ್ರೆ ಮಸುಕಾಗಿದ್ದರೆ, ಅಕ್ಷರಗಳ ಮೇಲೆ ಬಿದ್ದಿದ್ದರೆ ರೆಕಾರ್ಡರ್ ತಿರಸ್ಕರಿಸುತ್ತಾರೆ. ಸಹಿ ಹಾಕಬೇಕಾದವರು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇದ್ದರೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ನೋಟರಿ ಸೇವೆಗೆ ಸಮಯ ಗೊತ್ತುಮಾಡಿಕೊಂಡು ಹೋಗಬಹುದು, ಒಂದು ಮುದ್ರೆಗೆ 50 ಡಾಲರ್. ಇಲ್ಲವೇ ಭಾರತೀಯ ನೋಟರಿ ಮುಂದೆ ಸಹಿ ಹಾಕಿ ಅಪೋಸ್ಟಿಲ್ (ವಿದೇಶದಲ್ಲಿ ಬಳಸಲು ಸರ್ಕಾರ ಕೊಡುವ ದೃಢೀಕರಣ) ಮಾಡಿಸಬೇಕು. ಬರೀ ಊರಿನ ನೋಟರಿಯ ಸೀಲು ಸಾಲದು.

ದಾಖಲಿಸುವಾಗಿನ ತೆರಿಗೆ ಮತ್ತು ಶುಲ್ಕ

ಕೌಂಟಿಯ ವರ್ಗಾವಣೆ ತೆರಿಗೆ ಸಾವಿರ ಡಾಲರಿಗೆ 1.10 ಡಾಲರ್, ಕೆಲವು ನಗರಗಳು ಮೇಲೆ ತಮ್ಮದನ್ನೂ ಹಾಕುತ್ತವೆ. ಗಂಡ-ಹೆಂಡತಿ ನಡುವಿನ ದಾನಕ್ಕೆ ರೆವಿನ್ಯೂ ಅಂಡ್ ಟ್ಯಾಕ್ಸೇಶನ್ ಕೋಡ್ 11930, ವಿಚ್ಛೇದನದ ಹಂಚಿಕೆಗೆ 11927 ವಿನಾಯಿತಿ ಕೊಡುತ್ತವೆ. ಸೊನ್ನೆ ಎಂದು ಬರೆದು ಸುಮ್ಮನಾದರೆ ಆಗದು, ಕಾರಣವನ್ನೂ ಡೀಡ್ ಮೇಲೆ ಬರೆಯಬೇಕು. 2018ರಿಂದ ಬಂದ 75 ಡಾಲರಿನ ವಸತಿ ನಿಧಿ ಶುಲ್ಕದಿಂದಲೂ, ಪಡೆಯುವವರು ಆ ಮನೆಯಲ್ಲೇ ವಾಸಿಸುವುದಾದರೆ, ವಿನಾಯಿತಿ ಕೇಳಬಹುದು. ಅದನ್ನೂ ಬರೆದೇ ಕೇಳಬೇಕು.

ಡೀಡ್ ಜೊತೆ ‘ಪಿಕಾರ್’ ನಮೂನೆ (ಒಡೆತನ ಬದಲಾವಣೆಯ ಪ್ರಾಥಮಿಕ ವರದಿ) ಹೋಗಬೇಕು, ಇಲ್ಲದಿದ್ದರೆ 20 ಡಾಲರ್ ಹೆಚ್ಚು. ಅದರ ಮೊದಲ ಭಾಗದ ‘ಎ’ ಪ್ರಶ್ನೆ ಇದಕ್ಕಾಗಿಯೇ ಇದೆ: ವರ್ಗಾವಣೆ ಗಂಡ-ಹೆಂಡತಿ ನಡುವೆ ಮಾತ್ರವೇ? ಅಲ್ಲಿ ‘ಹೌದು’ ಎಂದು ಗುರುತು ಹಾಕಿ. 1978ರ ಪ್ರೊಪೊಸಿಶನ್ 13 ಪ್ರಕಾರ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಒಡೆತನ ಬದಲಾದರೆ ಮಾತ್ರ ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ಗಂಡ-ಹೆಂಡತಿ ವರ್ಗಾವಣೆಯನ್ನು ರೆವಿನ್ಯೂ ಅಂಡ್ ಟ್ಯಾಕ್ಸೇಶನ್ ಕೋಡಿನ 63ನೇ ಸೆಕ್ಷನ್ ಆ ಜಿಗಿತದಿಂದ ಹೊರಗಿಟ್ಟಿದೆ.

ಫೆಡರಲ್ ತೆರಿಗೆ: ಪೌರತ್ವ ಇಲ್ಲಿ ಅಡ್ಡ ಬರುತ್ತದೆ

ಗಂಡ-ಹೆಂಡತಿ ನಡುವಿನ ವರ್ಗಾವಣೆಗೆ ಫೆಡರಲ್ ತೆರಿಗೆ ಕಾನೂನಿನ ಸೆಕ್ಷನ್ 1041ರಂತೆ ಲಾಭದ ಮೇಲೆ ತೆರಿಗೆ ಇಲ್ಲ. ಆದರೆ ಪಡೆಯುವವರು ತೆರಿಗೆ ಲೆಕ್ಕದಲ್ಲಿ ಅನಿವಾಸಿ ವಿದೇಶಿಯಾಗಿದ್ದರೆ ಈ ಸೌಲಭ್ಯ ಇಲ್ಲ. ಒಬ್ಬರು ಬೆಂಗಳೂರಿಗೆ ಮರಳಿ ನೆಲೆಸಿದ ಮೇಲೆ ಅವರ ಹೆಸರಿಗೆ ಮನೆ ಬರೆಯುವವರು ಇದನ್ನು ಮೊದಲು ನೋಡಬೇಕು.

ದಾನ ತೆರಿಗೆಯ ಮಾತು ಬೇರೆ. ಪಡೆಯುವವರು ಅಮೆರಿಕನ್ ಪ್ರಜೆಯಾದರೆ ಎಷ್ಟು ಕೊಟ್ಟರೂ ಮಿತಿಯಿಲ್ಲ. ಪ್ರಜೆಯಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ, ವರ್ಷದ ಮಿತಿ ಇದೆ: 2024ಕ್ಕೆ 1,85,000 ಡಾಲರ್, 2025ಕ್ಕೆ 1,90,000. ಒಂದು ಲೆಕ್ಕ: ಮನೆಯ ಬೆಲೆ 18 ಲಕ್ಷ ಡಾಲರ್, ಸಾಲ 6 ಲಕ್ಷ, ಉಳಿದ 12 ಲಕ್ಷ ಇಬ್ಬರದು. ಒಬ್ಬರು ತಮ್ಮ ಅರ್ಧವನ್ನು 2025ರಲ್ಲಿ ಪ್ರಜೆಯಲ್ಲದ ಸಂಗಾತಿಗೆ ಕ್ವಿಟ್‌ಕ್ಲೇಮ್ ಮಾಡಿದರೆ ದಾನ 6 ಲಕ್ಷ, ಮಿತಿ ಮೀರಿದ್ದು 4,10,000. ಕೊಟ್ಟವರು ಅಮೆರಿಕನ್ ಪ್ರಜೆಯಾದರೆ ಅಥವಾ ಅಲ್ಲೇ ಕಾಯಂ ನೆಲೆಸಿದವರಾದರೆ ಜೀವಮಾನದ ವಿನಾಯಿತಿಯಲ್ಲಿ ಇದು ಕಳೆದುಹೋಗುತ್ತದೆ, ಕೈಯಿಂದ ಹಣ ಕಟ್ಟಬೇಕಿಲ್ಲ. ಆದರೂ ಮುಂದಿನ ಏಪ್ರಿಲ್ 15ರೊಳಗೆ ದಾನ ತೆರಿಗೆಯ ಫಾರ್ಮ್ 709 ಸಲ್ಲಿಸಲೇಬೇಕು. ಹಾಗೆ ನೆಲೆಸಿದವರಲ್ಲ ಎಂದಾದರೆ ಆ ಜೀವಮಾನದ ವಿನಾಯಿತಿಯೂ ಸಿಗುವುದಿಲ್ಲ.

ಬೇಸಿಸ್, ಅಂದರೆ ಮಾರಿದಾಗ ಲಾಭ ಲೆಕ್ಕಹಾಕಲು ಹಿಡಿಯುವ ಮೂಲ ಬೆಲೆ, ಇದರ ವಿಷಯ ಇನ್ನೂ ದೊಡ್ಡದು. 6 ಲಕ್ಷಕ್ಕೆ ಕೊಂಡ ಮನೆ ಈಗ 18 ಲಕ್ಷ. ಕಮ್ಯುನಿಟಿ ಆಸ್ತಿಯಾಗಿ ಉಳಿದಿದ್ದರೆ ಒಬ್ಬರು ತೀರಿಕೊಂಡಾಗ ಎರಡೂ ಅರ್ಧಗಳ ಬೇಸಿಸ್ 18 ಲಕ್ಷಕ್ಕೆ ಏರುತ್ತದೆ. ಉಳಿದವರು ಅದೇ ಬೆಲೆಗೆ ಮಾರಿದರೆ ಲಾಭ ಸೊನ್ನೆ. ಹೆಂಡತಿ ತನ್ನ ಪಾಲನ್ನು ಗಂಡನಿಗೆ ಬಿಟ್ಟುಕೊಟ್ಟು ಮನೆ ಅವನ ಸ್ವಂತದ್ದಾಗಿದ್ದರೆ, ಅವಳು ಮೊದಲು ತೀರಿಕೊಂಡಾಗ ಏನೂ ಏರುವುದಿಲ್ಲ. ಅವನ ಬೇಸಿಸ್ 6 ಲಕ್ಷವೇ, ಮಾರಿದರೆ ಲಾಭ 12 ಲಕ್ಷ. ಸಾಲದ ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಉಳಿಸಲು ಬರೆದ ಕಾಗದ ಇಷ್ಟು ದೂರ ಹೋಗಿ ಹೊಡೆಯುತ್ತದೆ.

ಟೈಟಲ್ ಇನ್ಶೂರೆನ್ಸ್ ಪಾಲಿಸಿಯನ್ನೂ ಸಹಿಗೆ ಮುಂಚೆಯೇ ತೆಗೆದು ನೋಡಿ. ಕ್ವಿಟ್‌ಕ್ಲೇಮ್ ಯಾವ ಭರವಸೆಯನ್ನೂ ಕೊಡದ ಕಾರಣ ಕೊಟ್ಟವರ ರಕ್ಷಣೆ ಅಲ್ಲಿಗೇ ನಿಲ್ಲಬಹುದು, ಪಡೆದವರು ಪಾಲಿಸಿಯ ‘ಇನ್ಶೂರ್ಡ್’ ವ್ಯಾಖ್ಯೆಯೊಳಗೆ ಬಾರದೇ ಇರಬಹುದು. ಕಂಪನಿಯಿಂದ ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ) ಕೇಳಿ. ಮನೆ ವಿಮೆಯವರಿಗೂ ಹೊಸ ಒಡೆಯರ ಹೆಸರು ತಿಳಿಸಿ.

ದಾಖಲಾದ ಮೂಲಪತ್ರ ಅಂಚೆಯಲ್ಲಿ ಬಂದಾಗ ಮೇಲ್ಭಾಗದ ಬಲಗಡೆ ದಾಖಲೆ ಸಂಖ್ಯೆ, ದಿನಾಂಕ ಅಚ್ಚಾಗಿರುತ್ತದೆ. ಹಳೇ ಡೀಡ್ ಪಕ್ಕದಲ್ಲಿಟ್ಟು ಲಾಟ್, ಟ್ರ್ಯಾಕ್ಟ್, ಹೆಸರುಗಳನ್ನು ಬೆರಳಿಟ್ಟು ಹೋಲಿಸಿ. ತಪ್ಪು ಕಂಡರೆ ಸರಿಪಡಿಸಿದ ಡೀಡ್‌ಗೆ ಕೊಟ್ಟವರ ಸಹಿ ಮತ್ತೆ ಬೇಕಾಗುತ್ತದೆ. ಅವರು ಕೈಗೆ ಸಿಗುವಾಗಲೇ, ಮಾತು ಚೆನ್ನಾಗಿರುವಾಗಲೇ ಅದನ್ನು ಮುಗಿಸಿಕೊಳ್ಳಿ.