ಸೊಟ್ಟಗಾಲಿನ ಮಕ್ಕಳು ಮತ್ತು ಕಾಣದ ಶಕ್ತಿ: ರಿಕೆಟ್ಸ್ ಚಿಕಿತ್ಸೆಯ ಹಿನ್ನೆಲೆ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಮೆನ್-ಆನ್-ಟೋಲ್ ಎಂಬ ಪ್ರಾಚೀನ ಶಿಲೆಗಳ ಗುಂಪೊಂದಿದೆ. ಎರಡು ನಿಲುಗಲ್ಲುಗಳ ನಡುವೆ ಗಾಲಿಯಂತೆ ನಿಲ್ಲಿಸಿದ ಒಂದು ಕಲ್ಲು, ಅದರ ನಡುವೆ ಒಬ್ಬರು ನುಸುಳಿ ಹೋಗಬಹುದಾದಷ್ಟು ದೊಡ್ಡ ಕಿಂಡಿ. ಕಾಲು ಬಾಗಿದ, ನಡಿಗೆ ಕಲಿಯಲು ತಡವಾದ ಮಕ್ಕಳನ್ನು ಬೆತ್ತಲಾಗಿಸಿ ಈ ಕಿಂಡಿಯಲ್ಲಿ ಮೂರು ಬಾರಿ ದಾಟಿಸಿದರೆ ರೋಗ ಕಳೆಯುತ್ತದೆಂದು ಅಲ್ಲಿನ ಜನ ತಲೆಮಾರುಗಳ ಕಾಲ ನಂಬಿದ್ದರು. ದೃಷ್ಟಿ ನಿವಾಳಿಸಿ, ತಾಯತ ಕಟ್ಟಿಸಿ ಬೆಳೆಸಿದ ಮಕ್ಕಳಿರುವ ನಮ್ಮ ಮನೆಗಳಿಗೆ ಈ ನಂಬಿಕೆ ತೀರ ಅಪರಿಚಿತವೆನಿಸಲಾರದು. ಆ ರೋಗ ರಿಕೆಟ್ಸ್. ಬೆಳೆಯುವ ಮೂಳೆಗೆ ಸಾಕಷ್ಟು ಸುಣ್ಣದ ಅಂಶ ಸೇರದೆ ಅದು ಮೆತ್ತಗಾಗಿ, ದೇಹದ ಭಾರಕ್ಕೆ ಬಾಗುವ ಸ್ಥಿತಿ.

ಇಂದು ಕಲ್ಲಿನ ಕಿಂಡಿಯ ಜಾಗದಲ್ಲಿ ರೇಕಿ, ಪ್ರಾಣಿಕ್ ಹೀಲಿಂಗ್, ಸ್ಪರ್ಶ ಚಿಕಿತ್ಸೆ ಮುಂತಾದ ಹೆಸರುಗಳಿವೆ. ಇವನ್ನು ವೈದ್ಯರ ಔಷಧಿಗೆ ಬದಲಿಯೆನ್ನದೆ 'ಪೂರಕ' ಎಂದು ಕರೆಯುವುದು ರೂಢಿ. ದೇಹದ ಸುತ್ತ ಹರಿಯುವ ಕಾಣದ ಶಕ್ತಿಯೊಂದನ್ನು ಕೈಗಳಿಂದ ಸರಿಪಡಿಸಬಹುದೆಂಬುದು ಇವುಗಳ ಸಮಾನ ತಿರುಳು. ಈ ಮಾತನ್ನು ತೂಗಿ ನೋಡಲು ರಿಕೆಟ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಈ ರೋಗಕ್ಕೆ ಪರಿಹಾರ ನಿಜವಾಗಿಯೂ ಕಣ್ಣಿಗೆ ಕಾಣದ ಒಂದು ಶಕ್ತಿಯಿಂದಲೇ ಬಂತು.

ಅದಕ್ಕೂ ಮೊದಲು, ಕಲ್ಲು ದಾಟಿಸಿದ ತಾಯಂದಿರ ಅನುಭವವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆರೋಗ್ಯವಂತ ಮಗುವಿನ ಕಾಲುಗಳು ಕೂಡ ಹುಟ್ಟಿದಾಗಿನಿಂದ ಸುಮಾರು 2 ವರ್ಷದವರೆಗೆ ಹೊರಕ್ಕೆ ಬಾಗಿರುತ್ತವೆ. 3–4 ವರ್ಷಕ್ಕೆ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ವಾಲುತ್ತವೆ. 7ರ ಹೊತ್ತಿಗೆ ಬಹುಪಾಲು ತಾವಾಗಿಯೇ ನೆಟ್ಟಗಾಗುತ್ತವೆ. ಇನ್ನು ನಿಜವಾದ ರಿಕೆಟ್ಸ್ ಕೂಡ ಉತ್ತರದ ದೇಶಗಳಲ್ಲಿ ಚಳಿಗಾಲದ ಕೊನೆಗೆ ಉಲ್ಬಣಿಸಿ, ಬೇಸಿಗೆಯಲ್ಲಿ ಮಕ್ಕಳು ಅಂಗಳಕ್ಕಿಳಿದ ಮೇಲೆ ಇಳಿಮುಖವಾಗುತ್ತಿತ್ತು. ಹೀಗೆ ತಾನಾಗಿ ಸುಧಾರಿಸಬಲ್ಲ ಸ್ಥಿತಿಯೊಂದರ ನಡುವೆ ಯಾವ ಆಚರಣೆಯನ್ನು ನಡೆಸಿದರೂ ಗುಣವಾದದ್ದರ ಕೀರ್ತಿ ಆ ಆಚರಣೆಗೇ ಸಲ್ಲುತ್ತದೆ. ಕಲ್ಲಿಗೆ ಸಂದ ಕೀರ್ತಿ ಇಂದು ಹಸ್ತಸ್ಪರ್ಶಕ್ಕೆ ಸಲ್ಲುವುದೂ ಇದೇ ದಾರಿಯಲ್ಲಿ.

ವೈದ್ಯರ ಸ್ಥಿತಿಯೂ ಆಗ ಹೆಚ್ಚೇನೂ ಉತ್ತಮವಾಗಿರಲಿಲ್ಲ. 1645ರಲ್ಲಿ ಡೇನಿಯಲ್ ವಿಸ್ಲರ್ ಲೈಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿಯೂ, 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಬರೆದ ಗ್ರಂಥದಲ್ಲಿಯೂ ರೋಗದ ಲಕ್ಷಣಗಳು ಸ್ಪಷ್ಟವಾಗಿಯೇ ಇದ್ದವು. ಕಾರಣ ಮಾತ್ರ ತಿಳಿದಿರಲಿಲ್ಲ. ಬೆನ್ನುಮೂಳೆ ನೆಟ್ಟಗಾಗಲೆಂದು ಮಕ್ಕಳನ್ನು ಪಟ್ಟಿಗಳಲ್ಲಿ ತೂಗುಹಾಕುವ ವಿಧಾನವನ್ನು ಗ್ಲಿಸನ್ ವಿವರಿಸಿದ್ದರು. 1822ರಲ್ಲಿ ಪೋಲೆಂಡಿನ ವೈದ್ಯ ಯೆಂಜೆಯ್ ಶ್ನ್ಯಾದೆತ್ಸ್ಕಿ ನಗರದ ಮಕ್ಕಳಲ್ಲಿ ರೋಗ ಹೆಚ್ಚು, ಹಳ್ಳಿಯ ಮಕ್ಕಳಲ್ಲಿ ಕಡಿಮೆ ಎಂಬುದನ್ನು ಗಮನಿಸಿ, ಮಕ್ಕಳ ಮೈಗೆ ನೇರವಾಗಿ ಬಿಸಿಲು ಬೀಳಲಿ ಎಂದರು. ಜಪಾನಿನ ನೀಗಾಟಾದಲ್ಲಿ ಮಿಷನರಿ ವೈದ್ಯರಾಗಿದ್ದ ಥಿಯೋಬಾಲ್ಡ್ ಪಾಮ್, ಅಲ್ಲಿ ಕಾಣದ ಈ ರೋಗ ಬ್ರಿಟನ್ನಿನ ಹೊಗೆ ಮುಸುಕಿದ ಪಟ್ಟಣಗಳಲ್ಲಿ ಮಾತ್ರ ಏಕೆ ಎಂದು ಯೋಚಿಸಿ, ನಾನಾ ದೇಶಗಳಲ್ಲಿದ್ದ ವೈದ್ಯರಿಂದ ಪತ್ರಮುಖೇನ ಮಾಹಿತಿ ತರಿಸಿಕೊಂಡು, ಬಿಸಿಲಿನ ಕೊರತೆಯೇ ಮೂಲವೆಂದು 1890ರಲ್ಲಿ ಬರೆದರು. ಆದರೆ ಬಡ ನಾಡುಗಳ ಮಕ್ಕಳಿಗಿಲ್ಲದ ರೋಗ ಸಿರಿವಂತ ದೇಶದ ಮಕ್ಕಳಿಗೆ ಬರುವುದು ಬರಿಯ ಬೆಳಕಿಲ್ಲದೆ ಎಂಬ ಮಾತಿಗೆ ಆಗ ಹೆಚ್ಚು ಬೆಲೆ ಸಿಗಲಿಲ್ಲ.

ಬೆಲೆ ಬಂದದ್ದು 1919ರ ಬರ್ಲಿನ್‌ನಲ್ಲಿ. ಮಹಾಯುದ್ಧದ ಹಸಿವಿನಿಂದ ಆಗಷ್ಟೇ ಹೊರಬರುತ್ತಿದ್ದ ಆ ನಗರದಲ್ಲಿ ಮಕ್ಕಳ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ, ತೀವ್ರ ರಿಕೆಟ್ಸ್ ಇದ್ದ ನಾಲ್ಕು ಮಕ್ಕಳನ್ನು ಪಾದರಸದ ಆವಿಯ ಕ್ವಾರ್ಟ್ಜ್ ದೀಪದ ಕೆಳಗೆ ಮಲಗಿಸಿದರು. ಆ ದೀಪ ಸೂಸುತ್ತಿದ್ದುದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಮಕ್ಕಳು ಲವಲವಿಕೆಯಿಂದಿದ್ದಾರೆ ಎಂಬ ಹೇಳಿಕೆಯಲ್ಲಿ ಅವರು ಕೆಲಸ ಮುಗಿಸಲಿಲ್ಲ. ಮತ್ತೆ ಮತ್ತೆ ಎಕ್ಸ್-ರೇ ತೆಗೆಸಿ, ಮೂಳೆಯ ತುದಿಗಳಲ್ಲಿ ಮಸುಕಾಗಿದ್ದ ಅಂಚು ವಾರಗಳು ಕಳೆದಂತೆ ಗಟ್ಟಿಯಾಗಿ ಮೂಡುವುದನ್ನು ಚಿತ್ರದಲ್ಲೇ ತೋರಿಸಿದರು. ಇನ್ನೂ ಸೋಜಿಗದ ಸಂಗತಿಯೆಂದರೆ, ಒಂದೇ ತೋಳಿಗೆ ಬೆಳಕು ಬೀಳುವಂತೆ ಮಾಡಿದಾಗ ಎರಡೂ ತೋಳುಗಳ ಮೂಳೆ ಗುಣವಾಯಿತು. ದೂರದಿಂದಲೇ ಗುಣಪಡಿಸುತ್ತೇವೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ! ಆದರೆ ಹುಲ್ಡ್‌ಶಿನ್ಸ್ಕಿ ಅದರಿಂದ ತೆಗೆದ ನಿಷ್ಕರ್ಷೆ ಬೇರೆ: ಚರ್ಮದಲ್ಲಿ ಉಂಟಾದ ಯಾವುದೋ ವಸ್ತು ರಕ್ತದೊಂದಿಗೆ ಹರಿದು ಇನ್ನೊಂದು ತೋಳನ್ನು ಮುಟ್ಟಿರಬೇಕು. ಹಾಗಾದರೆ ಆ ವಸ್ತುವನ್ನು ಹುಡುಕಬಹುದು.

ಹುಡುಕಾಟ ಆಗಲೇ ಇನ್ನೊಂದು ದಿಕ್ಕಿನಿಂದ ನಡೆದಿತ್ತು. ಎಡ್ವರ್ಡ್ ಮೆಲ್ಲನ್‌ಬಿ ಲಂಡನ್ನಿನಲ್ಲಿ ನಾಯಿಮರಿಗಳಿಗೆ ಆಹಾರದ ಮೂಲಕವೇ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಎಣ್ಣೆ ಅದನ್ನು ತಡೆಯುವುದನ್ನು ತೋರಿಸಿದ್ದರು. ಮೀನೆಣ್ಣೆಯೂ ಬೆಳಕೂ ಒಂದೇ ರೋಗವನ್ನು ಹೇಗೆ ಗುಣಪಡಿಸಬಲ್ಲವು ಎಂಬುದು ಒಗಟಾಗಿತ್ತು. ಲಂಡನ್ನಿನಿಂದ ವಿಯೆನ್ನಾಕ್ಕೆ ಬಂದ ಹ್ಯಾರಿಯೆಟ್ ಚಿಕ್ ಮತ್ತು ಅವರ ತಂಡ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಎರಡೂ ದಾರಿಗಳು ಸಮನಾಗಿ ಫಲ ಕೊಡುವುದನ್ನು ಅಕ್ಕಪಕ್ಕದ ಹಾಸಿಗೆಗಳಲ್ಲೇ ಸಾಬೀತು ಮಾಡಿತು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್, ಮೀನೆಣ್ಣೆಯನ್ನು ಕಾಯಿಸಿ ಗಾಳಿ ಹಾಯಿಸಿ ಅದರಲ್ಲಿದ್ದ 'ಎ' ಅಂಶವನ್ನು ನಾಶಪಡಿಸಿದ ಮೇಲೂ ಅದು ರಿಕೆಟ್ಸನ್ನು ಗುಣಪಡಿಸುವುದನ್ನು ಕಂಡು, ಉಳಿದ ಆ ಅಂಶಕ್ಕೆ 'ಡಿ' ಜೀವಸತ್ವ ಎಂದು ಹೆಸರಿಟ್ಟರು (ನೇರಳಾತೀತ ಕಿರಣ ಬಿದ್ದಾಗ ಚರ್ಮದಲ್ಲಿ ಉಂಟಾಗುವ ವಸ್ತುವೂ ಇದೇ). ಅದೇ ವರ್ಷ ನಾಸಿಕದಿಂದ ಬಂದ ಹಚಿನ್ಸನ್ ಮತ್ತು ಶಾ ಅವರ ವರದಿಯು, ಬಿಸಿಲಿಗೆ ಬರವಿಲ್ಲದ ನಮ್ಮ ದೇಶದಲ್ಲೂ ಪರ್ದಾ ಪಾಲಿಸುವ ಅನುಕೂಲಸ್ಥ ಮನೆಗಳ ಮಕ್ಕಳಲ್ಲಿ ಈ ರೋಗವಿರುವುದನ್ನು ದಾಖಲಿಸಿತು.

1922ಕ್ಕೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ರೇಕಿ ಪರಂಪರೆಯವರು ಹೇಳುವಂತೆ, ಮಿಕಾವೊ ಉಸುಯಿ ಅವರಿಗೆ ಕ್ಯೋಟೊ ಸಮೀಪದ ಕುರಾಮಾ ಬೆಟ್ಟದಲ್ಲಿ 21 ದಿನಗಳ ಉಪವಾಸ ಧ್ಯಾನದ ಕೊನೆಗೆ ಗುಣಪಡಿಸುವ ಶಕ್ತಿ ಒಲಿದದ್ದು ಅದೇ ವರ್ಷ. ಹವಾಯಿಯ ಹವಾಯೊ ಟಕಾಟಾ 1930ರ ದಶಕದ ಕೊನೆಗೆ ಅದನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿಂದ ಅದು ಜಗತ್ತಿಗೆಲ್ಲ ಹರಡಿತು. 1970ರ ದಶಕದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್ ಮತ್ತು ಥಿಯೊಸಾಫಿಸ್ಟ್ ಡೋರಾ ಕುಂಜ್ 'ಥೆರಪ್ಯೂಟಿಕ್ ಟಚ್' ರೂಪಿಸಿದರು. ಹೆಸರಿನಲ್ಲಿ ಸ್ಪರ್ಶವಿದ್ದರೂ ಇದರಲ್ಲಿ ಕೈಗಳು ಮೈಯಿಂದ ತುಸು ಮೇಲೆ ಚಲಿಸುತ್ತವೆ. ಇದರ ಮೂಲಭೂತ ಪ್ರತಿಪಾದನೆಯನ್ನು ಪರೀಕ್ಷೆಗೆ ಒಡ್ಡಿದ್ದು ಶಾಲೆಯ ವಿಜ್ಞಾನ ಪ್ರಯೋಗಕ್ಕೆ ವಿಷಯ ಹುಡುಕುತ್ತಿದ್ದ 9 ವರ್ಷದ ಬಾಲಕಿ ಎಮಿಲಿ ರೋಸಾ. ಪರದೆಯಾಚೆ ಕೈಚಾಚಿ ಕುಳಿತ ಚಿಕಿತ್ಸಕರಿಗೆ, ತನ್ನ ಕೈ ಅವರ ಯಾವ ಹಸ್ತದ ಮೇಲಿದೆ ಎಂದು ಹೇಳಲು ಆಕೆ ಕೇಳಿದಳು. ಒಟ್ಟು 21 ಚಿಕಿತ್ಸಕರು 280 ಯತ್ನಗಳಲ್ಲಿ ಸರಿಯಾಗಿ ಹೇಳಿದ್ದು ಶೇ. 44ರಷ್ಟು, ನಾಣ್ಯ ಚಿಮ್ಮಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. ಇದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ಶತಮಾನ ಮೊದಲು, 1799ರಲ್ಲಿ, ಇಂಗ್ಲೆಂಡಿನ ವೈದ್ಯ ಜಾನ್ ಹೇಗಾರ್ತ್ ಕೂಡ ಇಂಥದ್ದೇ ಸರಳ ಉಪಾಯ ಹೂಡಿದ್ದರು: ನೋವನ್ನು ಎಳೆದು ತೆಗೆಯುತ್ತವೆಂದು ಮಾರಾಟವಾಗುತ್ತಿದ್ದ ಪರ್ಕಿನ್ಸ್ ಲೋಹದ ಕಡ್ಡಿಗಳ ಬದಲು ಬಣ್ಣ ಬಳಿದ ಮರದ ಕಡ್ಡಿಗಳನ್ನು ಬಳಸಿದರೂ ರೋಗಿಗಳು ಹಗುರಾಯಿತೆಂದೇ ಹೇಳಿದರು.

ನೋವು, ಆತಂಕ, ನಿದ್ದೆಗೇಡುಗಳಲ್ಲಿ ಈ ಹಗುರಾಗುವಿಕೆಗೂ ಒಂದು ಬೆಲೆಯಿದೆ ಎಂದು ವಾದಿಸಬಹುದು. ಆದರೆ ಮೂಳೆಗೆ ಸುಣ್ಣದ ಅಂಶ ಸೇರುವುದು ಮನಸ್ಸು ಹಗುರಾಗುವುದರಿಂದಲ್ಲ. ರಿಕೆಟ್ಸ್ ಇರುವ ಕೂಸಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಫಿಟ್ಸ್ ಬರಬಹುದು, ಹೃದಯದ ಸ್ನಾಯು ಸೋಲಬಹುದು. ಆದ್ದರಿಂದ 'ಪೂರಕ' ಎಂಬ ಹೆಸರಿನಲ್ಲಿ ಕಳೆದ ಪ್ರತಿ ತಿಂಗಳಿಗೂ ಲೆಕ್ಕವಿದೆ. ಇತ್ತ ಔಷಧಿಯೋ ತೀರ ಅಗ್ಗದ್ದು: ಹುಟ್ಟಿದ ಮೊದಲ ವರ್ಷ ದಿನಕ್ಕೆ 400 ಯೂನಿಟ್ 'ಡಿ' ಹನಿ ತಡೆಗಟ್ಟಲು ಸಾಕಾಗುತ್ತದೆ, ರೋಗವೇ ಬಂದ ಕೂಸಿಗೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 2000 ಯೂನಿಟ್ಟನ್ನು ಕ್ಯಾಲ್ಸಿಯಂ ಜೊತೆಗೆ ಕನಿಷ್ಠ 3 ತಿಂಗಳು ಕೊಡುತ್ತಾರೆ. ನಮ್ಮ ಬಾಣಂತನದ ಮನೆಗಳಲ್ಲಿ ಎಣ್ಣೆ ಹಚ್ಚಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಪದ್ಧತಿ ಚೆಂದವೇ ಸರಿ, ಆದರೆ ಬೇಕಾದ ಕಿರಣಗಳು ಎಳೆಬಿಸಿಲಿನಲ್ಲಿ ತೀರ ವಿರಳ, ಮತ್ತು ಕಿಟಕಿಯ ಗಾಜು ಅವನ್ನು ಬಹುತೇಕ ತಡೆದುಬಿಡುತ್ತದೆ.

ಬಿಸಿಲಿಗೂ ಈ ಹನಿಗೂ ಬಗ್ಗದ ರಿಕೆಟ್ಸ್ ಕೂಡ ಇದೆ. ಎಕ್ಸ್ ವರ್ಣತಂತುವಿನ ದೋಷದಿಂದ ಮೂತ್ರದಲ್ಲಿ ಫಾಸ್ಫೇಟ್ ಸೋರಿಹೋಗುವ ಬಗೆಯಲ್ಲಿ ಮಗುವಿಗೆ ದಿನಕ್ಕೆ ನಾಲ್ಕಾರು ಬಾರಿ ಫಾಸ್ಫೇಟ್ ಕುಡಿಸಬೇಕಾಗುತ್ತದೆ. 2018ರಿಂದ ಬಳಕೆಗೆ ಬಂದ ಬುರೊಸುಮ್ಯಾಬ್ ಚುಚ್ಚುಮದ್ದು ತೀರ ದುಬಾರಿ. ವರ್ಷಗಟ್ಟಲೆ ಹೀಗೆ ದಣಿದ ತಂದೆತಾಯಿ ರೇಕಿ ಕೇಂದ್ರದ ಬಾಗಿಲು ತಟ್ಟಿದರೆ ಅವರನ್ನು ಮೂದಲಿಸುವುದು ನನಗೆ ಸರಿ ಕಾಣದು. ಅಲ್ಲಿ ಸಿಗುವ ಸಮಾಧಾನದ ಅರ್ಧ ಗಂಟೆಯನ್ನು ಆಸ್ಪತ್ರೆಯ ಐದು ನಿಮಿಷದ ಭೇಟಿ ಕೊಡುವುದಿಲ್ಲ. ಔಷಧಿ ನಿಲ್ಲದಿರುವವರೆಗೆ ಅದರಿಂದ ಕೆಡುಕಿಲ್ಲ. ಗುಣವಾಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಇಂದಿಗೂ ಬರ್ಲಿನ್‌ನಲ್ಲಿ ಸಿಕ್ಕ ಜಾಗದಲ್ಲೇ ಸಿಗುತ್ತದೆ: ಮಣಿಕಟ್ಟಿನ ಎಕ್ಸ್-ರೇಯಲ್ಲಿ ಮೂಳೆಯ ತುದಿಗೆ ಮೂಡುವ ಸಣ್ಣ ಬಿಳಿಯ ಗೆರೆಯಲ್ಲಿ.