ಔಟ್‌ಬೋರ್ಡ್ ದೋಣಿ: ದಕ್ಕೆ ಬಿಡುವುದು, ದಕ್ಕೆಗೆ ಬರುವುದು, ಉಪ್ಪು ತೊಳೆಯುವುದು

ಸಣ್ಣ ಫೈಬರ್ ದೋಣಿ, ಅದರ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಹೊಸದಾಗಿ ತೆಗೆದುಕೊಂಡವರಿಗೆ ಈ ಟಿಪ್ಪಣಿ. ನಾನು ಕಲಿಯುತ್ತಿರುವುದು ಉಡುಪಿಯ ಹಂಗಾರಕಟ್ಟೆ, ಕೋಡಿ ಬೆಂಗ್ರೆ ಕಡೆ. ಸೀತಾ, ಸ್ವರ್ಣಾ ಎರಡೂ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಜಾಗ ಅದು. ಹಾಗಾಗಿ ಇಲ್ಲಿ ಸೆಳೆತದ ಮಾತೇ ಜಾಸ್ತಿ. ಲೈಫ್ ಜಾಕೆಟ್ ಹಾಕುವುದು, ಟ್ಯಾಂಕಿನ ಗಾಳಿ ಬಿರಡೆ ತೆರೆಯುವುದು, ಪೆಟ್ರೋಲ್ ಪೈಪಿನ ಬಲ್ಬ್ ಗಟ್ಟಿಯಾಗುವ ತನಕ ಒತ್ತುವುದು, ಜಗ್ಗಿದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕೈಗೆ ಸಿಕ್ಕಿಸುವುದು, ಇವೆಲ್ಲ ಬೇಗ ರೂಢಿಯಾಗುತ್ತವೆ.

ದೋಣಿ ತಿರುಗುವುದು ಹಿಂದಿನಿಂದ

ಇಂಜಿನ್ನಿನ ಹ್ಯಾಂಡಲ್ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇದನ್ನು ಬಾಯಿಪಾಠ ಮಾಡಿದರೆ ಸಾಲದು. ಯಾಕೆ ಅಂತ ಗೊತ್ತಾಗಬೇಕು. ಹ್ಯಾಂಡಲ್ ಎಡಕ್ಕೆ ಹೋದಾಗ ನೀರೊಳಗಿನ ಫ್ಯಾನ್ ಬಲಕ್ಕೆ ಹೊರಳುತ್ತದೆ, ನೀರನ್ನು ಬಲಕ್ಕೆ ದೂಡುತ್ತದೆ. ಆಗ ದೋಣಿಯ ಹಿಂಭಾಗ ಎಡಕ್ಕೆ ಜಾರುತ್ತದೆ. ಹಿಂಭಾಗ ಎಡಕ್ಕೆ ಹೋದದ್ದರಿಂದ ಮೂತಿ ಬಲಕ್ಕೆ ಬಂತು, ಅಷ್ಟೇ. ಕಾರಿನಲ್ಲಿ ಮುಂದಿನ ಚಕ್ರ ತಿರುಗಿ ಹಿಂಭಾಗ ಅದರ ಹಿಂದೆ ಬರುತ್ತದೆ. ಇಲ್ಲಿ ಮೊದಲು ಸರಿಯುವುದೇ ಹಿಂಭಾಗ.

ಇದರ ಪರಿಣಾಮ ಕಾಣುವುದು ದಕ್ಕೆ (ದೋಣಿ ಕಟ್ಟುವ ಕಟ್ಟೆ) ಬಿಡುವಾಗ. ದಕ್ಕೆ ನಿಮ್ಮ ಬಲಗಡೆ ಇದೆ ಅಂದುಕೊಳ್ಳಿ. ಮೂತಿ ಎಡಕ್ಕೆ ಹೋಗಲಿ ಅಂತ ಹ್ಯಾಂಡಲ್ ಬಲಕ್ಕೆ ತಳ್ಳಿ ಮುಂದಕ್ಕೆ ಗೇರ್ ಹಾಕಿದರೆ ಹಿಂಭಾಗ ಬಲಕ್ಕೆ, ಅಂದರೆ ನೇರ ದಕ್ಕೆಗೆ, ಬಡಿಯುತ್ತದೆ. ಎಷ್ಟು ವೇಗ ಕೊಟ್ಟರೆ ಅಷ್ಟು ಜೋರಾಗಿ ಬಡಿಯುತ್ತದೆ. ನನಗೆ ಹೇಳಿಕೊಟ್ಟ ಬೋಟಿನವರು ಪ್ರತಿ ಸಲ ಹೇಳುವುದು ಒಂದೇ ಮಾತು: "ಮುಂದೆ ಮತ್ತೆ ನೋಡುವ ಮಾರಾಯ್ರೆ, ಮೊದಲು ಹಿಂದೆ ನೋಡಿ."

ಹಾಗಾದರೆ ಹೊರಡುವುದು ಹೇಗೆ? ಅದು ಸೆಳೆತ ಯಾವ ಕಡೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ನೀರು ಬರುವ ಕಡೆಯ ಹಗ್ಗ ಮೊದಲು ಬಿಚ್ಚಬೇಕು. ನನಗೆ ತಲೆಗೆ ಹತ್ತಲು ತುಂಬಾ ಹೊತ್ತು ಬೇಕಾದದ್ದು ಇದೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ನೀರು ಮೂತಿಯ ಕಡೆಯಿಂದ ಬರುತ್ತಿದ್ದರೆ ಮುಂದಿನ ಹಗ್ಗ ಮೊದಲು ಬಿಚ್ಚಿ. ಹಿಂದಿನದು ಇರಲಿ. ಕೋಲಿನಿಂದ ಮೂತಿಯನ್ನು ಸ್ವಲ್ಪ ಹೊರಗೆ ದೂಡಿ. ದಕ್ಕೆಗೂ ಮೂತಿಗೂ ನಡುವೆ ಸಂದು ಬಿದ್ದ ಕೂಡಲೇ ನೀರು ಅದರೊಳಗೆ ನುಗ್ಗಿ ಮೂತಿಯನ್ನು ತಾನೇ ಹೊರಗೆ ಸರಿಸುತ್ತದೆ. ಸಾಕಷ್ಟು ತೆರೆದುಕೊಂಡ ಮೇಲೆ ಹಿಂದಿನ ಹಗ್ಗ ತೆಗೆದು, ಹ್ಯಾಂಡಲ್ ನೇರ ಇಟ್ಟು, ನಿಧಾನ ಮುಂದಕ್ಕೆ ಹೋಗಿ. ಹಿಂಭಾಗ ದಕ್ಕೆಗೆ ಉಜ್ಜದ ಹಾಗೆ ಅಲ್ಲೊಂದು ಹಳೇ ಟಯರ್ ಇರಲಿ.

ನೀರು ಹಿಂದಿನಿಂದ ಬರುತ್ತಿದ್ದರೆ ಇದೇ ಲೆಕ್ಕ ತಿರುವುಮುರುವು. ಹಿಂದಿನ ಹಗ್ಗ ಮೊದಲು. ಹ್ಯಾಂಡಲ್ ದಕ್ಕೆಯ ಕಡೆಗೆ ತಳ್ಳಿ ರಿವರ್ಸ್ ಗೇರ್ ಹಾಕಿ. ಫ್ಯಾನ್ ಹೊರಗಡೆಗೆ ಮುಖ ಮಾಡಿರುವುದರಿಂದ ಹಿಂಭಾಗವನ್ನು ಹೊರಗೆ ಎಳೆಯುತ್ತದೆ. ಟಯರ್ ಈಗ ಮೂತಿಯ ಹತ್ತಿರ ಬೇಕು.

ಬರುವಾಗ ಯಾವತ್ತೂ ಸೆಳೆತಕ್ಕೆ ಎದುರಾಗಿಯೇ ಬನ್ನಿ. ದೋಣಿಗೆ ಬ್ರೇಕ್ ಇಲ್ಲ, ಎದುರು ನೀರೇ ಬ್ರೇಕ್. ನೀರು ಹಿಂದಿನಿಂದ ದೂಡುತ್ತಿದ್ದರೆ ನ್ಯೂಟ್ರಲ್‌ಗೆ ಹಾಕಿದರೂ ದೋಣಿ ನಿಲ್ಲುವುದಿಲ್ಲ.

ಸೆಳೆತ ಯಾವ ಕಡೆ ಅಂತ ತಿಳಿಯಲು ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. ಲಂಗರು ಹಾಕಿ ನಿಂತ ಬೇರೆ ದೋಣಿಗಳನ್ನು ನೋಡಿ. ಮೂತಿಯಿಂದ ಕಟ್ಟಿದ ದೋಣಿ ನೀರು, ಗಾಳಿ ಎರಡರ ಜಗ್ಗಾಟಕ್ಕೆ ಎದುರಾಗಿ ನಿಲ್ಲುತ್ತದೆ. ಅವುಗಳ ಮೂತಿ ಎತ್ತ ಇದೆಯೋ ನೀವೂ ಅತ್ತ ಮುಖ ಮಾಡಿ ದಕ್ಕೆಗೆ ಬನ್ನಿ. ಬೆಳಿಗ್ಗೆ ನೋಡಿದ್ದು ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ಸುಮಾರು 6 ಗಂಟೆಗೊಮ್ಮೆ ಉಬ್ಬರ ಇಳಿತ ಬದಲಾಗುತ್ತದೆ, ಹೊಳೆ ಹಿಂದಕ್ಕೂ ಹರಿಯುತ್ತದೆ. ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಅಳಿವೆ ದಾಟುವ ಆಸೆ ಇದ್ದರೆ, ಇಳಿತ ಜೋರಾಗಿರುವಾಗ ಬೇಡವೇ ಬೇಡ. ಹೊರಗೆ ಹೋಗುವ ನೀರು ಒಳಗೆ ಬರುವ ಅಲೆಗೆ ಢಿಕ್ಕಿ ಹೊಡೆದಾಗ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಸಣ್ಣ ದೋಣಿ ಮಗುಚಲು ಅಷ್ಟು ಸಾಕು.

ಉಪ್ಪು ತೊಳೆಯುವುದು

ಉಪ್ಪು ನೀರಲ್ಲಿ ಓಡಿಸಿದ ದಿನವೇ ಸಿಹಿ ನೀರಲ್ಲಿ ಇಂಜಿನ್ ಒಳಗೆಲ್ಲ ತೊಳೆಯಬೇಕು. ಇಂಜಿನ್ ನೀರು ಎಳೆದುಕೊಳ್ಳುವ ಜಾಗಕ್ಕೆ ಫ್ಲಶಿಂಗ್ ಮಫ್ (ನಲ್ಲಿ ಪೈಪ್ ಜೋಡಿಸುವ ರಬ್ಬರ್ ಬಟ್ಟಲು) ಸಿಕ್ಕಿಸಿ ಮೊದಲು ನಲ್ಲಿ ತಿರುಗಿಸಿ, ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ. ನಿಲ್ಲಿಸುವಾಗ ಮೊದಲು ಇಂಜಿನ್, ಆಮೇಲೆ ನಲ್ಲಿ. ಒಳಗಿನ ಇಂಪೆಲ್ಲರ್ (ನೀರೆಳೆಯುವ ಪಂಪಿನ ಚಕ್ರ) ರಬ್ಬರಿನದು, ನೀರಿಲ್ಲದೆ ತಿರುಗಿದರೆ ಬೇಗ ಸುಟ್ಟುಹೋಗುತ್ತದೆ. ನ್ಯೂಟ್ರಲ್‌ನಲ್ಲೇ ಇರಲಿ, ಫ್ಯಾನ್ ಹತ್ತಿರ ಯಾರೂ ನಿಲ್ಲಬಾರದು.

ಇಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ಪಿಚಕಾರಿಯಂತೆ ನೀರು ಚಿಮ್ಮುತ್ತಿದೆಯಾ ಅಂತ ಯಾವಾಗಲೂ ನೋಡುತ್ತಿರಿ. ಧಾರೆ ಸಣ್ಣದಾಯಿತು ಅಂದರೆ ಕೂಡಲೇ ಇಂಜಿನ್ ನಿಲ್ಲಿಸಿ. ಹಲವು ಸಲ ಆ ತೂತಿನ ಬಾಯಲ್ಲೇ ಉಪ್ಪು ಬಿಳಿ ಹರಳಾಗಿ ಕಟ್ಟಿರುತ್ತದೆ, ಒಂದು ತಂತಿ ಆಡಿಸಿದರೆ ಸರಿ ಹೋಗುತ್ತದೆ. ಆಗಲೂ ಬರದಿದ್ದರೆ ಇಂಪೆಲ್ಲರ್ ನೋಡಿಸಬೇಕು.

ಇಂಜಿನ್ ಕೆಳಗೆ ಬೂದು ಬಣ್ಣದ ಆನೋಡ್ ಅನ್ನುವ ಲೋಹದ ತುಂಡು ಇರುತ್ತದಲ್ವಾ, ಅದು ಸವೆಯಲೆಂದೇ ಇರುವುದು. ಅದು ಸವೆದಷ್ಟೂ ಇಂಜಿನ್ನಿನ ಲೋಹ ಉಳಿಯುತ್ತದೆ. ಅದಕ್ಕೆ ಪೇಂಟ್ ಬಳಿಯಬೇಡಿ. ಅರ್ಧ ಕರಗಿದರೆ ಬದಲಿಸಿ.

ಮಳೆಗಾಲಕ್ಕೆ ಮೊದಲು

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ನಮ್ಮಂಥವರ ದೋಣಿಯೂ ಆಗ ಮೇಲೆ ಇರುವುದೇ ಒಳ್ಳೆಯದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ತೇವ ಹೀರುತ್ತದೆ. ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ. ಗೇರ್ ಆಯಿಲನ್ನೂ ಆಗಲೇ ಇಳಿಸಿ ನೋಡಿ. ಅದು ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ. ಮಳೆ ಮುಗಿಯುವ ತನಕ ಕಾಯದೆ ಆಗಲೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಬೇರಿಂಗ್ ಕೂಡ ತುಕ್ಕು ಹಿಡಿಯುತ್ತದೆ.