ನೀರೊಳಗಿನ ಊರು ಮತ್ತು ನಾ. ಡಿಸೋಜ

ಶಿರಸಿಯಲ್ಲಿರುವ ನನ್ನ ತಂಗಿಯ ಮಗನಿಗೆ ಆರನೇ ಕ್ಲಾಸು. ಹೋದ ರಜೆಯಲ್ಲಿ ಪುಸ್ತಕ ಹಿಡಿದು ಜಗಲಿಯ ಮೇಲೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಬಂದು ಕೇಳಿದ: "ಮಾವ, ಊರು ಮುಳುಗಿದ್ರೆ ಶಾಲೆನೂ ಮುಳುಗ್ತದಾ?"

ಅವನ ಕೈಲಿದ್ದದ್ದು ಕಾದಂಬರಿಕಾರ ನಾ. ಡಿಸೋಜರ ಮಕ್ಕಳ ಕಾದಂಬರಿ 'ಮುಳುಗಡೆಯ ಊರಿಗೆ ಬಂದವರು'.

ಡಿಸೋಜರು ಹುಟ್ಟಿದ್ದು 1937ರಲ್ಲಿ, ಪಕ್ಕದ ಸಾಗರದಲ್ಲಿ. ನೌಕರಿ ಲೋಕೋಪಯೋಗಿ ಇಲಾಖೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಯ ಹಿನ್ನೀರು ಗದ್ದೆ, ತೋಟ, ದೇವಸ್ಥಾನ ಅಂತ ನೋಡದೆ ಏರುತ್ತಾ ಹೋಗಿ ಜನ ಮನೆ ಬಿಟ್ಟು ಹೊರಟದ್ದನ್ನು ಅವರು ಹತ್ತಿರದಿಂದ ಬಲ್ಲವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳು ಬಂದದ್ದು ಈ ಸಂಕಟದಿಂದಲೇ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು.

ಆದರೆ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆ. ಇದೇ ಸಂಕಟವನ್ನು ಅವರು ಮಕ್ಕಳಿಗೂ ಹೇಳಿದರು. ಕನ್ನಡದ ಮಕ್ಕಳಿಗೆ ಪಂಜೆಯವರ ಕಾಲದಿಂದ ಒಳ್ಳೊಳ್ಳೆ ಪದ್ಯ, ಕಥೆ ಸಿಕ್ಕಿವೆ. ಕಾದಂಬರಿ ಮಾತ್ರ ಅಪರೂಪ. ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದ್ದೇ 2010ರಲ್ಲಿ. ಮರುವರ್ಷವೇ ಅದು 'ಮುಳುಗಡೆಯ ಊರಿಗೆ ಬಂದವರು' ಪುಸ್ತಕಕ್ಕೆ ಬಂತು. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೂ ಬಂತು.

ನಮ್ಮ ಕಡೆ ಮಕ್ಕಳಿಗೆ ಡಿಸೋಜರು ಯಾಕೆ ಇಷ್ಟ ಆಗ್ತಾರೆ ಅಂದರೆ, ಮುಳುಗಡೆ ಅನ್ನೋದು ಇಲ್ಲಿ ಮನೆಮಾತು. ನಾನು ಹೊನ್ನಾವರದ ಶರಾವತಿ ಹೊಳೆದಂಡೆಯವನು. ಮಳೆಗಾಲದಲ್ಲಿ "ಲಿಂಗನಮಕ್ಕಿ ಗೇಟ್ ತೆಗೀತಾರಂತೆ" ಅಂತ ಸುದ್ದಿ ಬಂದರೆ ಸಾಕು, ನಮ್ಮಜ್ಜಿ ಅಕ್ಕಿ ಡಬ್ಬಿ ಅಟ್ಟಕ್ಕೆ ಏರಿಸುತ್ತಿದ್ದಳು. ಕಾಳಿ ನದಿ ಕಡೆ ಸೂಪಾ ಪೇಟೆಯೇ ನೀರಿಗೆ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗಾಗಿ ಎಷ್ಟೋ ಮನೆಯವರು ಕಡಲು ಬಿಟ್ಟು ಎದ್ದರು. ಮಕ್ಕಳು ಇದನ್ನೆಲ್ಲ ಅರ್ಧಂಬರ್ಧ ಕೇಳಿಸಿಕೊಂಡೇ ಬೆಳೆದಿರುತ್ತಾರೆ, ಅಲ್ವಾ? ಕೂರಿಸಿಕೊಂಡು ಪೂರ್ತಿ ಹೇಳುವವರು ಯಾರೂ ಇರುವುದಿಲ್ಲ. ಡಿಸೋಜರು ಹೇಳಿದರು, ಅದೂ ಸಣ್ಣ ಸಣ್ಣ ವಾಕ್ಯಗಳಲ್ಲಿ, ಬುದ್ಧಿವಾದದ ಹೊರೆ ಹಾಕದೆ.

2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 2025ರ ಜನವರಿ 5ರಂದು ತೀರಿಕೊಂಡರು.

ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಲಿಂಗನಮಕ್ಕಿಗಿಂತ ಹಳೆಯದಾದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಸುತ್ತ ಕರಿ ಬೊಡ್ಡೆಗಳು. ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಒಣಗಿ ಬಿರಿದ ಕೆಸರಿನ ಮೇಲೆ ತುಂಬಾ ಹೊತ್ತು ಓಡಾಡಿದ. ಶಾಲೆ ಎಲ್ಲಿತ್ತು ಅಂತ ಹುಡುಕುತ್ತಿದ್ದ.